ಪೆಟ್ಟಿಗೆಗೂ ಉಸಿರು ಬೇಕು: ಕೊಡಗಿನ ಮಳೆ, ಮಂಜಿನಲ್ಲಿ ಹಬ್ಬದ ದೀಪಗಳ ಕಂಟ್ರೋಲರ್ ಕೂರಿಸುವ ಕ್ರಮ

ಮೂರು ವರ್ಷಗಳ ಹಿಂದೆ ದೀಪಾವಳಿ ಮುಗಿದ ಮೇಲೆ ಮನೆಯ ಮುಂದಿನ ಪಿಕ್ಸೆಲ್ ದೀಪಗಳ (ಒಂದೊಂದರ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಲ್ಲ ದೀಪಗಳು) ಕಂಟ್ರೋಲರ್ ಪೆಟ್ಟಿಗೆಯನ್ನು ಬಿಚ್ಚಿದೆ. ಮುಚ್ಚಳದ ಸುತ್ತ ಸಿಲಿಕೋನ್, ವೈರು ಒಳಹೋಗುವ ಪ್ರತಿ ತೂತಿಗೆ ಸಿಲಿಕೋನ್, ಸ್ಕ್ರೂಗಳ ತಲೆಯ ಮೇಲೂ ಸಿಲಿಕೋನ್. ಇರುವೆಗೂ ದಾರಿ ಬಿಟ್ಟಿರಲಿಲ್ಲ. ಆದರೂ ತಳದಲ್ಲಿ ನಾಲ್ಕು ಚಮಚದಷ್ಟು ನೀರು ನಿಂತಿತ್ತು. ಬೋರ್ಡಿನ ಒಂದು ಮೂಲೆ ತಾಮ್ರದ ಹಳೇ ಚೊಂಬಿನಂತೆ ಹಸಿರುಗಟ್ಟಿತ್ತು.

ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಎರಡು ದಿನ ತಲೆ ತಿಂದಿತು. ಬಂದದ್ದು ಹೀಗೆ. ಸಂಜೆ ದೀಪ ಉರಿಯುವಾಗ ಪವರ್ ಸಪ್ಲೈ (ಮನೆಯ ಕರೆಂಟನ್ನು ದೀಪಕ್ಕೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಘಟಕ) ಬಿಸಿಯಾಗಿ ಒಳಗಿನ ಗಾಳಿ 40 ಡಿಗ್ರಿ ಮುಟ್ಟುತ್ತದೆ. ಹಿಗ್ಗಿದ ಗಾಳಿ ಎಲ್ಲೋ ಒಂದು ಸಂದಿಯಿಂದ ಹೊರಗೆ ಹೋಗುತ್ತದೆ. ದೀಪ ಆರಿಸಿದ ಮೇಲೆ ನಮ್ಮ ಮಡಿಕೇರಿಯ ಚಳಿಗೆ ಅದೇ ಪೆಟ್ಟಿಗೆ 16 ಡಿಗ್ರಿಗೆ ಇಳಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಆಗ ಹುಟ್ಟುವ ಸೆಳೆತ ಸಣ್ಣದಲ್ಲ. ಪೆಟ್ಟಿಗೆ ಬಿಗಿಯಾಗಿದ್ದರೆ ನೀರನ್ನು ಅರ್ಧ ಮೀಟರ್‌ಗಿಂತ ಎತ್ತರಕ್ಕೆ ಹೀರಬಲ್ಲಷ್ಟು ಬಲ ಅದಕ್ಕಿರುತ್ತದೆ. ವೈರಿನ ಬುಡದಲ್ಲಿ ಕುಳಿತಿದ್ದ ಮಳೆಹನಿಯನ್ನು ಪೆಟ್ಟಿಗೆಯೇ ಪ್ರತಿ ರಾತ್ರಿ ಗುಟುಕು ಗುಟುಕಾಗಿ ಕುಡಿದಿತ್ತು. ಕುಡಿದದ್ದು ಹೊರಗೆ ಹೋಗದಂತೆ ನೋಡಿಕೊಂಡದ್ದು ನನ್ನ ಸಿಲಿಕೋನ್.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ, ಮಳೆ ನಿಂತರೂ ಮಂಜು ಬಿಡದ ಈ ಊರಿನಲ್ಲಿ ನೀರನ್ನು ಪೂರ್ತಿ ತಡೆಯುತ್ತೇನೆ ಎಂದು ಹಟ ಹಿಡಿಯುವುದಿಲ್ಲ. ಬರುವ ನೀರನ್ನು ಕಡಿಮೆ ಮಾಡಿ, ಬಂದದ್ದು ಹೋಗಲು ದಾರಿ ಇಡುತ್ತೇನೆ. ಕೆಳಗೆ ಬರೆದಿರುವುದೆಲ್ಲ ಆ ದಾರಿಯ ವಿವರ. ಉದಾಹರಣೆಗೆ ಒಂದು ಮನೆ ಅಥವಾ ಹೋಮ್‌ಸ್ಟೇಯ ಮುಂಭಾಗವನ್ನು ಇಟ್ಟುಕೊಳ್ಳೋಣ: 12 ವೋಲ್ಟಿನ ಪಿಕ್ಸೆಲ್ ದೀಪಗಳ ನಾಲ್ಕು ಸರ, ಸರಕ್ಕೆ 50 ದೀಪ, ನಾಲ್ಕು ಔಟ್‌ಪುಟ್ ಇರುವ ಒಂದು ಕಂಟ್ರೋಲರ್.

ಮೊದಲು ಜಾಗ, ಆಮೇಲೆ ಪೆಟ್ಟಿಗೆ

ಅಂಗಡಿಗೆ ಹೋಗುವ ಮುನ್ನ ಒಂದು ಮಳೆಯ ಸಂಜೆ ಛತ್ರಿ ಹಿಡಿದು ಮನೆಯ ಸುತ್ತ ಒಮ್ಮೆ ನಡೆಯಿರಿ. ಯಾವ ಗೋಡೆ ಒದ್ದೆಯಾಗಿದೆ, ಯಾವುದು ಒಣಗಿದೆ ಎಂದು ನೋಡಿ. ನಮ್ಮಲ್ಲಿ ಮಳೆ ನೇರವಾಗಿ ಬೀಳುವುದು ಅಪರೂಪ. ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ನೈಋತ್ಯಕ್ಕೆ ಮುಖ ಮಾಡಿದ ಗೋಡೆಗೆ ಪಾಚಿ ಹಿಡಿದಿದ್ದರೆ ಅಲ್ಲಿ ಪೆಟ್ಟಿಗೆ ಬೇಡ. ಹೆಂಚಿನ ಮಾಡಿನ ಸೂರು ಎರಡು ಅಡಿ ಮುಂದೆ ಚಾಚಿದ್ದರೆ ಅದರ ಅಡಿಯೇ ಉತ್ತಮ ಜಾಗ. ಬೆಲೆಬಾಳುವ ಪೆಟ್ಟಿಗೆಗಿಂತ ಒಳ್ಳೆಯ ಸೂರು ಹೆಚ್ಚು ಕಾಪಾಡುತ್ತದೆ.

ಎತ್ತರವೂ ಮುಖ್ಯ. ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಸರಿನ ಸಮೇತ ಮೇಲೆ ಚಿಮ್ಮುತ್ತದೆ. ಗೋಡೆಯ ಬುಡದಲ್ಲಿ ಕೆಂಪು ಕಲೆ ಎಲ್ಲಿಯವರೆಗೆ ಏರಿದೆಯೋ ಅದಕ್ಕಿಂತ ಒಂದು ಅಡಿ ಮೇಲೆ ಪೆಟ್ಟಿಗೆಯ ತಳ ಇರಲಿ. ಏಣಿ ಇಲ್ಲದೆ ಕೈಗೆ ಸಿಗುವಂತೆಯೂ ಇರಲಿ, ಏಕೆಂದರೆ ಫ್ಯೂಸ್ ಹೋಗುವುದು ಯಾವಾಗಲೂ ಮಳೆಯ ರಾತ್ರಿಯೇ. ಮೊಬೈಲಿನಿಂದ ನಡೆಸುವ ವೈಫೈ ಕಂಟ್ರೋಲರ್ ಆದರೆ ಅಲ್ಲೇ ನಿಂತು ಸಿಗ್ನಲ್ ನೋಡಿಕೊಳ್ಳಿ. ಕಂಟ್ರೋಲರ್‌ನಿಂದ ಮೊದಲ ದೀಪದವರೆಗಿನ ಅಂತರ ಎರಡು ಮೂರು ಮೀಟರ್ ದಾಟದಿದ್ದರೆ ಒಳ್ಳೆಯದು. ಅದಕ್ಕಿಂತ ದೂರವಾದಷ್ಟೂ ಡೇಟಾ ಸಿಗ್ನಲ್ ಕೆಟ್ಟು ದೀಪಗಳು ಇಷ್ಟಬಂದಂತೆ ಮಿನುಗತೊಡಗುತ್ತವೆ.

ಹಳೆಯ ಐನ್‌ಮನೆಯಾದರೆ (ಕೊಡವ ಕುಟುಂಬದ ಮೂಲಮನೆ) ಕೆತ್ತನೆಯ ಮರದ ಕಂಬಗಳಿಗೆ ಡ್ರಿಲ್ ಹಚ್ಚಬೇಡಿ. ಹಬ್ಬ ನಾಲ್ಕು ದಿನದ್ದು, ಕಂಬ ನಾಲ್ಕು ತಲೆಮಾರಿನದು. ಜಂತಿಗೆ ಪಟ್ಟಿ ಕಟ್ಟಿ ತೂಗಿಸಿದರೆ ಸಾಕು. ತೋಟದ ಗೇಟಿನ ಬಳಿ ಸಿಲ್ವರ್ ಓಕ್ ಮರಕ್ಕೆ ಕಟ್ಟುವವರು ಮೊಳೆ ಹೊಡೆಯದೆ ಅಗಲವಾದ ನೈಲಾನ್ ಪಟ್ಟಿ ಬಳಸಲಿ. ಮುಂದೆಂದೋ ಆ ಮರ ಮಿಲ್ಲಿಗೆ ಹೋದಾಗ ಗರಗಸಕ್ಕೆ ಸಿಗುವುದು ನಿಮ್ಮ ಮೊಳೆ. ಗಾಳಿಗೆ ಮರ ತೂಗುತ್ತದೆ, ಹಾಗಾಗಿ ವೈರನ್ನು ಬಿಗಿಯಾಗಿ ಎಳೆಯದೆ ಒಂದು ಅಡಿ ಸಡಿಲ ಬಿಡಿ. ಆನೆ ಓಡಾಡುವ ಕಡೆ ದಾರಿಗೆ ಅಡ್ಡವಾಗಿ ವೈರು ಕಟ್ಟುವುದೇ ಬೇಡ, ನಿಮಗೂ ಆನೆಗೂ ಒಳ್ಳೆಯದಲ್ಲ.

ಪೆಟ್ಟಿಗೆ ಆರಿಸುವಾಗ

ಪೆಟ್ಟಿಗೆಯ ಮೇಲೆ ಐಪಿ65, ಐಪಿ67 ಎಂದು ಬರೆದಿರುತ್ತದೆ. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. 65ರ ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ಬಾಯಿಯ ಪೈಪಿನಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಕೆಲವು ನಿಮಿಷ ಹಾಯಿಸುತ್ತಾರೆ. 67ಕ್ಕೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸುತ್ತಾರೆ. ಎರಡೂ ಪರೀಕ್ಷೆ ತೂತು ಕೊರೆಯದ ಪೆಟ್ಟಿಗೆಗೆ ಮಾಡಿದ್ದು. ನೀವು ಮೊದಲ ತೂತು ಕೊರೆದ ಕ್ಷಣಕ್ಕೆ ಆ ಅಂಕಿಯ ಹೊಣೆ ನಿಮ್ಮದಾಗುತ್ತದೆ. ಮೂರು ದಿನ ಬಿಡದೆ ಸೋನೆ ಹಿಡಿಯುವ ನಮ್ಮ ಮಳೆಯನ್ನು ಯಾವ ಪ್ರಯೋಗಾಲಯವೂ ಹಾಯಿಸಿ ನೋಡಿರುವುದಿಲ್ಲ.

ಲೋಹದ ಪೆಟ್ಟಿಗೆ ಗಟ್ಟಿ, ಆದರೆ ವೈಫೈ ಒಳಗೆ ಬರುವುದಿಲ್ಲ, ಬಣ್ಣ ಕಿತ್ತ ಕಡೆ ತುಕ್ಕು ಹಿಡಿಯುತ್ತದೆ. ಅಗ್ಗದ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ಎರಡು ಮೂರು ವರ್ಷದಲ್ಲಿ ಬಿರುಕು ಬಿಡಬಹುದು. ಪಾಲಿಕಾರ್ಬೊನೇಟ್ ತುಸು ದುಬಾರಿ. ನಾನು ಅದನ್ನೇ ಕೊಳ್ಳುತ್ತೇನೆ. ಮುಚ್ಚಳದ ಅಂಚಿನ ರಬ್ಬರು ಒಂದೇ ತುಂಡಾಗಿರಬೇಕು. ಮೂಲೆಯಲ್ಲಿ ಜೋಡಿಸಿದ್ದರೆ ನೀರು ಬರುವುದು ಅದೇ ಜೋಡಣೆಯಲ್ಲಿ.

ಗಾತ್ರದಲ್ಲಿ ಜಿಪುಣತನ ಬೇಡ. ನಮ್ಮ 200 ದೀಪಗಳು ಪೂರ್ತಿ ಬಿಳಿ ಉರಿದರೆ ತಲಾ 60 ಮಿಲಿಆಂಪ್ ಲೆಕ್ಕದಲ್ಲಿ 12 ಆಂಪ್, ಅಂದರೆ 144 ವ್ಯಾಟ್. ಇದಕ್ಕೆ 12 ವೋಲ್ಟ್, 20 ಆಂಪ್‌ನ ಪವರ್ ಸಪ್ಲೈ ಸರಿಹೋಗುತ್ತದೆ. ತನ್ನ ಶಕ್ತಿಯ ನೂರಕ್ಕೆ ಅರವತ್ತರಷ್ಟರಲ್ಲಿ ಅದು ನೆಮ್ಮದಿಯಾಗಿ ದುಡಿಯುತ್ತದೆ. ಆದರೂ ನೂರಕ್ಕೆ ಹದಿನೈದರಷ್ಟು ವಿದ್ಯುತ್ ಶಾಖವಾಗಿ ಕಳೆಯುತ್ತದೆ ಎಂದುಕೊಂಡರೆ ಸುಮಾರು 25 ವ್ಯಾಟ್ ಬಿಸಿ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಶೂ ಡಬ್ಬದಷ್ಟು ದೊಡ್ಡ ಮುಚ್ಚಿದ ಪೆಟ್ಟಿಗೆಯಲ್ಲಿ ಅಷ್ಟು ಬಿಸಿ ಒಳಗಿನ ತಾಪವನ್ನು 20 ಡಿಗ್ರಿಯಷ್ಟು ಏರಿಸುತ್ತದೆ. ಫ್ಯಾನ್ ಇರುವ ದೊಡ್ಡ ಪವರ್ ಸಪ್ಲೈಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕಲೇಬಾರದು. ಅದು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ.

ಆದ್ದರಿಂದ ನನ್ನ ಸಲಹೆ ಎರಡು ಪೆಟ್ಟಿಗೆ. ಪವರ್ ಸಪ್ಲೈ ಸಾಧ್ಯವಾದರೆ ಜಗಲಿಯ ಒಳಭಾಗದಲ್ಲಿ, ಒಣ ಜಾಗದಲ್ಲಿರಲಿ. ಅಲ್ಲಿಂದ 12 ವೋಲ್ಟ್ ಮಾತ್ರ ಹೊರಗೆ ಬರಲಿ. ಹೊರಗಿನ ಸಣ್ಣ ಪೆಟ್ಟಿಗೆಯಲ್ಲಿ ಕಂಟ್ರೋಲರ್ ಬೋರ್ಡು ಮತ್ತು ಫ್ಯೂಸುಗಳಷ್ಟೇ. ಬಿಸಿ ಕಡಿಮೆಯಾದರೆ ಉಸಿರಾಟವೂ ಕಡಿಮೆ, ಮನೆಯ 230 ವೋಲ್ಟ್ ಮಳೆಯ ಹತ್ತಿರ ಸುಳಿಯುವುದೂ ಇಲ್ಲ. ಮಾರುಕಟ್ಟೆಯಲ್ಲಿ ‘ರೈನ್‌ಪ್ರೂಫ್’ ಎಂದು ಸಿಗುವ ಪವರ್ ಸಪ್ಲೈಗಳ ತಳ ತೆರೆದಿರುತ್ತದೆ. ಮೇಲಿನಿಂದ ಬೀಳುವ ಮಳೆಗೆ ಅವು ಸರಿ, ಅಡ್ಡ ಮಳೆಗೂ ಮಂಜಿಗೂ ಅಲ್ಲ.

ತೂತು, ಗ್ಲ್ಯಾಂಡು, ಉಸಿರುಗಿಂಡಿ

ಇಡೀ ಕೆಲಸದ ಜೀವ ಇಲ್ಲಿದೆ, ಅವಸರ ಬೇಡ. ತೂತುಗಳೆಲ್ಲ ಪೆಟ್ಟಿಗೆಯ ತಳದಲ್ಲೇ ಇರಬೇಕು. ಪಕ್ಕದಲ್ಲಿ ಒಂದೂ ಬೇಡ, ಮೇಲಂತೂ ಬೇಡವೇ ಬೇಡ. ಕೊರೆಯಲು ಮೆಟ್ಟಿಲಿನಾಕಾರದ ಸ್ಟೆಪ್ ಡ್ರಿಲ್ ಬಿಟ್ ಬಳಸಿ. ಸಾಮಾನ್ಯ ಬಿಟ್ಟು ಪ್ಲಾಸ್ಟಿಕ್ಕನ್ನು ಹಿಡಿದೆಳೆದು ಸೀಳಿಬಿಡುತ್ತದೆ. ಕೊರೆದ ಅಂಚನ್ನು ಚಾಕುವಿನಿಂದ ಕೆರೆದು ನುಣುಪು ಮಾಡಿ. ಕೂದಲೆಳೆಯಷ್ಟು ಚೂರು ಉಳಿದರೂ ಗ್ಲ್ಯಾಂಡಿನ (ತೂತಿನಲ್ಲಿ ಕೂತು ವೈರನ್ನು ರಬ್ಬರಿನಿಂದ ಬಿಗಿಹಿಡಿಯುವ ತಿರುಪು ಕೊಳವೆ) ರಬ್ಬರು ಸರಿಯಾಗಿ ಕೂರುವುದಿಲ್ಲ.

ಗ್ಲ್ಯಾಂಡಿನ ಅಳತೆ ವೈರಿಗೆ ಹೊಂದಬೇಕು. ಪಿಜಿ7 ಸುಮಾರು 3ರಿಂದ 6.5 ಮಿಲಿಮೀಟರ್ ದಪ್ಪದ ವೈರಿಗೆ, ಪಿಜಿ9 4ರಿಂದ 8ಕ್ಕೆ, ಪಿಜಿ11 5ರಿಂದ 10ಕ್ಕೆ. ಒಂದು ಗ್ಲ್ಯಾಂಡಿಗೆ ಒಂದೇ ವೈರು, ಅದೂ ಉರುಟಾದದ್ದು. ಮೂರು ಬಿಡಿ ವೈರುಗಳನ್ನು ಒಟ್ಟಿಗೆ ತೂರಿಸಿ ಬಿಗಿದರೆ ನಡುವೆ ಮೂರು ಮೂಲೆಯ ಸಂದಿ ಉಳಿಯುತ್ತದೆ, ನೀರಿಗೆ ಅಷ್ಟು ಸಾಕು. ಮೊದಲು ಹೊರಗಿನ ರಬ್ಬರು ಉಂಗುರ, ಆಮೇಲೆ ಒಳಗಿನ ನಟ್ಟು, ಕೊನೆಗೆ ವೈರು ಹಾಕಿ ಟೋಪಿಯನ್ನು ಕೈಯಿಂದ ಬಿಗಿಯಿರಿ. ಮೇಲೆ ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು. ವೈರು ಎಳೆದರೆ ಜಾರಬಾರದು, ಹಾಗೆಂದು ಅದರ ಸೊಂಟ ಮುರಿದಂತೆಯೂ ಕಾಣಬಾರದು. ಬಳಸದೆ ಉಳಿದ ಗ್ಲ್ಯಾಂಡಿಗೆ ಮುಚ್ಚಳ ಹಾಕಿ. ಅದು ಸಿಗದಿದ್ದರೆ ಅದೇ ದಪ್ಪದ ವೈರಿನ ತುಂಡನ್ನು ಎರಡೂ ತುದಿ ಮುಚ್ಚಿ ತುರುಕಿದರೂ ಆದೀತು.

ವೈರು ಗ್ಲ್ಯಾಂಡಿಗೆ ಬರುವ ಮುನ್ನ ಅರ್ಧ ಅಡಿ ಕೆಳಗೆ ಇಳಿದು, ತಿರುಗಿ ಮೇಲೆ ಹತ್ತಬೇಕು. ವೈರಿನ ಮೇಲೆ ಹರಿದು ಬರುವ ನೀರು ಆ ಬಳುಕಿನ ತಳದಿಂದ ಹನಿಯಾಗಿ ಉದುರಿಹೋಗುತ್ತದೆ, ಪೆಟ್ಟಿಗೆಯ ಕಡೆ ಹತ್ತುವುದಿಲ್ಲ. ಕಾಸು ಖರ್ಚಿಲ್ಲದ ಕೆಲಸ. ಆದರೂ ಅಂದ ಕೆಡುತ್ತದೆ ಎಂದು ವೈರನ್ನು ಗೋಡೆಗುಂಟ ಬಿಗಿಯಾಗಿ ಎಳೆದು ನೇರ ಪೆಟ್ಟಿಗೆಗೆ ಇಳಿಸುವವರೇ ಹೆಚ್ಚು.

ಇನ್ನು ಉಸಿರುಗಿಂಡಿ. ಬೆರಳ ತುದಿಯಷ್ಟು ಗಾತ್ರದ ಬ್ರೀದರ್ ಪ್ಲಗ್ ಎಂಬ ವಸ್ತು ಇದೆ. ಅದರೊಳಗಿನ ತೆಳುವಾದ ಪೊರೆ ಗಾಳಿಯನ್ನೂ ನೀರಾವಿಯನ್ನೂ ಬಿಡುತ್ತದೆ, ಹನಿಯನ್ನು ಬಿಡುವುದಿಲ್ಲ. ಗ್ಲ್ಯಾಂಡಿನಂತೆಯೇ ತೂತು ಕೊರೆದು ಇದನ್ನೂ ತಳದಲ್ಲಿ ಕೂರಿಸಬೇಕು. ಹೀಗೆ ಮಾಡಿದರೆ ಪೆಟ್ಟಿಗೆ ತಣ್ಣಗಾಗುವಾಗ ಗ್ಲ್ಯಾಂಡಿನ ಬುಡದ ನೀರನ್ನು ಹೀರುವ ಬದಲು ಇಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಪ್ಲಗ್ ಸಿಗದಿದ್ದರೆ ತಳದ ಅತಿ ತಗ್ಗಿನ ಮೂಲೆಯಲ್ಲಿ 5 ಮಿಲಿಮೀಟರ್‌ನ ಒಂದು ತೂತು ಕೊರೆದು, ಒಳಗಿನಿಂದ ಸ್ಟೀಲಿನ ಸಣ್ಣ ಜಾಲರಿ ಅಂಟಿಸಿ. ಜಾಲರಿ ಮರೆತರೆ ಒಂದೇ ವಾರದಲ್ಲಿ ಇರುವೆಗಳು ಮೊಟ್ಟೆ ಸಮೇತ ಒಕ್ಕಲು ಬರುತ್ತವೆ, ಇಲ್ಲವೇ ಕಣಜ ಮಣ್ಣಿನಿಂದ ತೂತು ಮೆತ್ತಿಬಿಡುತ್ತದೆ. ಹೀಗೆ ತೂತು ಕೊರೆದ ಪೆಟ್ಟಿಗೆಯನ್ನು ಸೂರಿನ ಅಡಿ ಮಾತ್ರ ಬಳಸಿ. ಬಯಲಿನಲ್ಲಿ ಇಡುವುದಾದರೆ ಪ್ಲಗ್ಗೇ ಬೇಕು.

ಸಿಲಿಕೋನ್ ಬಳಸಲೇಬೇಕಾದ ಕಡೆ ‘ನ್ಯೂಟ್ರಲ್’ ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಆರುವಾಗ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ನನ್ನ ಬೋರ್ಡಿನ ಹಸಿರು ಮೂಲೆಯಲ್ಲಿ ಅದರ ಪಾಲೂ ಇದ್ದಿರಬೇಕು.

ಗೋಡೆಗೆ ಏರಿಸುವುದು

ಪೆಟ್ಟಿಗೆಯ ಹಿಂಬದಿಗೆ ಒಳಗಿನಿಂದ ತೂತು ಹೊಡೆದು ಗೋಡೆಗೆ ಸ್ಕ್ರೂ ಬಿಗಿಯುವುದು ತಪ್ಪು. ಅದಕ್ಕೆಂದೇ ಹೊರಗೆ ಕಿವಿಗಳಿರುತ್ತವೆ, ಇಲ್ಲದಿದ್ದರೆ ಪೆಟ್ಟಿಗೆಯ ಹಿಂದೆ ಪಟ್ಟಿ ಹಾಕಿಕೊಳ್ಳಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಇಂಚು ಬಿಡಿ. ಗೋಡೆಯ ಮೇಲೆ ಇಳಿಯುವ ನೀರು ಹಿಂದಿನಿಂದ ಹರಿದುಹೋಗಲಿ, ಗಾಳಿಯೂ ಆಡಲಿ. ಕೆಂಪು ಕಲ್ಲಿನ ಹಳೆಯ ಗೋಡೆಯಾದರೆ ಗಾರೆಯ ಸಂದಿಗೆ ಹೊಡೆಯದೆ ಕಲ್ಲಿಗೇ ಸ್ಕ್ರೂ ಕೂರುವ 8 ಮಿಲಿಮೀಟರ್‌ನ ಪ್ಲಗ್ ಹಾಕಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮಾಮೂಲಿ ಸ್ಕ್ರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ತಲೆ ಕಳೆದುಕೊಳ್ಳುತ್ತದೆ.

ಒಳಗಿನ ಜೋಡಣೆ

ಬೋರ್ಡನ್ನು ಪೆಟ್ಟಿಗೆಯ ನೆಲಕ್ಕೆ ಅಂಟಿಸಬೇಡಿ. ಹಿಂಬದಿಯ ಹಲಗೆಗೆ, ಸಣ್ಣ ನೈಲಾನ್ ಕಂಬಗಳ ಮೇಲೆ, ತಳದಿಂದ ಎರಡು ಇಂಚು ಮೇಲಿರಲಿ. ನೀರು ಬಂದರೂ ಮೊದಲು ಕೆಳಗೆ ನಿಲ್ಲುತ್ತದೆ. ಪ್ರತಿ ಸರಕ್ಕೂ ಬೇರೆ ಫ್ಯೂಸ್ ಕೊಡಿ. ನಮ್ಮ ಸರ 3 ಆಂಪ್ ಎಳೆಯುವುದರಿಂದ 5 ಆಂಪ್‌ನ ಫ್ಯೂಸ್ ಸಾಕು. ಒಂದು ಸರಕ್ಕೆ ನೀರು ಹೊಕ್ಕು ಕೆಟ್ಟರೆ ಉಳಿದ ಮೂರು ಉರಿಯುತ್ತವೆ, ವೈರೂ ಸುಡುವುದಿಲ್ಲ.

ಪವರ್ ಸಪ್ಲೈಯ ಪಕ್ಕದಲ್ಲಿ 110 ಮತ್ತು 220 ಎಂದು ಬರೆದ ಪುಟಾಣಿ ಕೆಂಪು ಸ್ವಿಚ್ಚು ಇದೆಯೇ ನೋಡಿ. ಅದು 110ರಲ್ಲಿದ್ದು ನಮ್ಮ ಕರೆಂಟು ಕೊಟ್ಟರೆ ಪಟಾಕಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಲೋಹದ ಮೈಗೆ ಅರ್ಥಿಂಗ್ ವೈರು ಕಡ್ಡಾಯ. ತೆರೆದ ಟರ್ಮಿನಲ್‌ಗಳಿಗೆ ಮುಚ್ಚಳ ಇರಲೇಬೇಕು. ಬಿಸಿಯನ್ನು ಹುಡುಕಿ ಬರುವ ಹಲ್ಲಿ ಎರಡು ಟರ್ಮಿನಲ್‌ಗಳಿಗೆ ಒಟ್ಟಿಗೆ ಮೈ ತಾಗಿಸಿ ತಾನೂ ಸತ್ತು, ಸಪ್ಲೈಯನ್ನೂ ಕೊಂದದ್ದನ್ನು ನಾನೇ ನೋಡಿದ್ದೇನೆ.

ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು, ಆದರೆ ಅದರ ಮೇಲೆ ಭಾರ ಹಾಕಬೇಡಿ. ಉಸಿರಾಡುವ ಪೆಟ್ಟಿಗೆಯಲ್ಲಿ ಅದು ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತದೆ. ನೀಲಿ ಕಾಳು ಗುಲಾಬಿಯಾದರೆ ಅದರ ಕೆಲಸ ಮುಗಿಯಿತು. 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ.

ವೈರು ಮತ್ತು ಜೋಡಣೆಗಳು

ಪವರ್ ಸಪ್ಲೈಯಿಂದ 10 ಮೀಟರ್ ದೂರದ ಸರಕ್ಕೆ 1 ಚದರ ಮಿಲಿಮೀಟರ್ ವೈರು ಎಳೆದಿರಿ ಎನ್ನಿ. ಹೋಗಿ ಬರುವ ದಾರಿ 20 ಮೀಟರ್. 3 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 1.2 ವೋಲ್ಟ್ ಕರಗುತ್ತದೆ. 12 ವೋಲ್ಟಿನ ಸರ ಇದನ್ನು ತಾಳಿಕೊಳ್ಳುತ್ತದೆ. 5 ವೋಲ್ಟಿನದಾದರೆ ಬಿಳಿ ಬಣ್ಣ ಕೇಳಿದಾಗ ತುದಿಯ ದೀಪಗಳು ಕಿತ್ತಳೆಗೆ ತಿರುಗುತ್ತವೆ. ದೊಡ್ಡ ಅಂಗಳಕ್ಕೆ ನಾನು 12 ವೋಲ್ಟ್ ಎನ್ನುವುದು ಇದಕ್ಕೇ. ಸರಕ್ಕೆ ಸರ ಸೇರಿಸಿ ಉದ್ದ ಮಾಡುವುದಾದರೆ ನೂರು ದೀಪಕ್ಕೊಮ್ಮೆ ಪವರ್ ಸಪ್ಲೈಯಿಂದ ಇನ್ನೊಂದು ಜೋಡಿ ವೈರು ತಂದು ಕೊಡಬೇಕು.

ಬಯಲಿನ ಜೋಡಣೆಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ನಮ್ಮ ಮಂಜಿಗೆ ಅದು ಮೂರು ದಿನದಲ್ಲಿ ಬಾಯಿಬಿಡುತ್ತದೆ. ಮೂರು ಪಿನ್ನಿನ ವಾಟರ್‌ಪ್ರೂಫ್ ಕನೆಕ್ಟರ್ ಬಳಸಿ, ಒಳಗೆ ಚೂರು ಸಿಲಿಕೋನ್ ಗ್ರೀಸ್ ಹಚ್ಚಿ, ಬಾಯಿ ಕೆಳಗಾಗಿ ತೂಗುವಂತೆ ಕಟ್ಟಿ. ಬೆಸುಗೆ ಹಾಕಿದ ಕಡೆ ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಕಾಯಿಸಿ. ಎರಡೂ ತುದಿಯಲ್ಲಿ ಅಂಟು ಮಣಿಯಂತೆ ಹೊರಬಂದರೆ ಮಾತ್ರ ಅದು ಮುಚ್ಚಿದೆ ಎಂದು ಅರ್ಥ.

ಮನೆಯ ಕರೆಂಟಿನ ಕಡೆ

ಇಲ್ಲಿ ಮಾತು ಕಡಿಮೆ. 230 ವೋಲ್ಟಿನ ಭಾಗವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಈ ಲೈನಿಗೆ, ಕರೆಂಟು ಸೋರಿದೊಡನೆ ತಾನೇ ಬಿದ್ದು ಲೈನ್ ಕಡಿಯುವ, 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ಹಬ್ಬ ಶುರುವಾಗುವ ಮುನ್ನ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ, ಬೀಳದಿದ್ದರೆ ದೀಪ ಹಚ್ಚಬೇಡಿ. ಮಳೆಯಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ ಎಂದು ಅದನ್ನು ತಪ್ಪಿಸಿ ಲೈನ್ ಕೊಡುವವರನ್ನು ಕಂಡಿದ್ದೇನೆ. ಅದು ಬೀಳುತ್ತಿರುವುದು ಎಲ್ಲೋ ನೀರು ಸೇರಿದೆ ಎಂದು ಹೇಳಲು. ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳಿದರೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಟಿಶ್ಯೂ ಕಾಗದದ ಪರೀಕ್ಷೆ

ಬೋರ್ಡು ಹಾಕುವ ಮುನ್ನ ಖಾಲಿ ಪೆಟ್ಟಿಗೆಗೆ ವೈರಿನ ತುಂಡುಗಳನ್ನೂ ಗ್ಲ್ಯಾಂಡುಗಳನ್ನೂ ಬಿಗಿದು, ಒಳಗಿನ ನಾಲ್ಕೂ ಮೂಲೆಗೆ, ಪ್ರತಿ ಗ್ಲ್ಯಾಂಡಿನ ಬುಡಕ್ಕೆ ಟಿಶ್ಯೂ ಕಾಗದದ ಚೂರು ಇಡಿ. ಪೆಟ್ಟಿಗೆಯನ್ನು ಅರ್ಧ ಗಂಟೆ ಬಿಸಿಲಿಗಿಟ್ಟು ಬಿಸಿಮಾಡಿ, ಕೂಡಲೇ ಗೋಡೆಗೆ ತೂಗುಹಾಕಿ ತೋಟದ ಪೈಪಿನಿಂದ ಎಲ್ಲ ಕಡೆಯಿಂದ ಹತ್ತು ನಿಮಿಷ ತಣ್ಣೀರು ಹಾಯಿಸಿ. ಬಿಸಿ ಪೆಟ್ಟಿಗೆಗೆ ತಣ್ಣೀರು ಬಿದ್ದಾಗಲೇ ಅದು ಜೋರಾಗಿ ಹೀರುವುದು. ಒರೆಸಿ, ಮುಚ್ಚಳ ತೆರೆದು ನೋಡಿ. ಯಾವ ಚೂರು ಒದ್ದೆಯೋ ಆ ಜಾಗ ಸೋರುತ್ತಿದೆ. ಬರೀ ತಣ್ಣಗಿನ ಪೆಟ್ಟಿಗೆಗೆ ನೀರು ಹಾಯಿಸಿ ‘ಪಾಸಾಯಿತು’ ಎಂದು ನಾನೂ ಒಮ್ಮೆ ಮೋಸ ಹೋಗಿದ್ದೆ.

ಟ್ರ್ಯಾಕ್ಟರ್ ಮೇಲೆ ಹೋಗುವುದಾದರೆ

ಮಡಿಕೇರಿ ದಸರಾದ ದಶಮಂಟಪಗಳಂತೆ ವಿಜಯದಶಮಿಯ ರಾತ್ರಿಯಿಡೀ ಬೀದಿಯಲ್ಲಿ ಸಾಗುವ ಅಲಂಕಾರಕ್ಕೆ ಇನ್ನೊಂದು ಶತ್ರು ಇದೆ: ಕುಲುಕಾಟ. ಬೋರ್ಡಿನ ಪ್ರತಿ ಕನೆಕ್ಟರ್‌ಗೂ ಬಿಸಿ ಅಂಟಿನ ಒಂದು ಬೊಟ್ಟು ಇಡಿ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ವೈರಿನ ತುದಿಗೆ ಬೆಸುಗೆಯ ಬದಲು ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಹಾಕಿ. ಬೆಸುಗೆ ಹಚ್ಚಿದ ತುದಿ ಒತ್ತಡಕ್ಕೆ ನಿಧಾನವಾಗಿ ಜರುಗಿ ಸಡಿಲವಾಗುತ್ತದೆ. ಪೆಟ್ಟಿಗೆ ಜನರೇಟರ್‌ನ ಹೊಗೆಗೊಳವೆಯಿಂದ ದೂರವಿರಲಿ, ಜನರೇಟರ್ ಶುರುವಾಗಿ ಸದ್ದು ಒಂದೇ ಹದಕ್ಕೆ ಬಂದ ಮೇಲೆ ದೀಪದ ಲೈನ್ ಕೊಡಿ. ಬಾಡಿಗೆ ಜನರೇಟರ್‌ನ ನ್ಯೂಟ್ರಲ್ ಅರ್ಥಿಂಗ್‌ಗೆ ಸೇರಿಲ್ಲದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತಾಗಬಹುದು. ಇದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇಳಿಸುವಾಗ

ದಸರೆಗೆ ಏರಿಸಿದ್ದು ದೀಪಾವಳಿ, ಪುತ್ತರಿ, ಕ್ರಿಸ್‌ಮಸ್ ಕಳೆದು ಜನವರಿಯವರೆಗೆ ಇರಬಹುದು. ಆದರೆ ಮಳೆಗಾಲಕ್ಕೆ ಹೊರಗೆ ಬಿಡಬೇಡಿ. ಇಳಿಸುವ ಮುನ್ನ ಒಂದು ಫೋಟೋ ತೆಗೆದುಕೊಳ್ಳಿ, ಯಾವ ವೈರು ಯಾವ ಸರಕ್ಕೆ ಎಂದು ಮುಚ್ಚಳದ ಒಳಗೆ ಮಾರ್ಕರ್‌ನಿಂದ ಬರೆಯಿರಿ. ಪೆಟ್ಟಿಗೆಯನ್ನು ಒಂದು ಬಿಸಿಲು ಹಗಲು ತೆರೆದಿಟ್ಟು ಒಣಗಿಸಿ. ಅಟ್ಟಕ್ಕೆ ಹಾಕುವಾಗ ಮುಚ್ಚಳದ ಸ್ಕ್ರೂ ಬಿಗಿಯದೆ ಸಡಿಲ ಇಡಿ. ಎಂಟು ತಿಂಗಳು ಒತ್ತಿ ಕುಳಿತ ರಬ್ಬರು ಚಪ್ಪಟೆಯಾಗಿಬಿಟ್ಟರೆ ಮತ್ತೆ ಉಬ್ಬುವುದಿಲ್ಲ. ಬೋರ್ಡನ್ನು ಮಾತ್ರ ಬಿಚ್ಚಿ, ಹೊಸ ಸಿಲಿಕಾ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿಡಿ. ನನ್ನ ಮನೆಯಲ್ಲಿ ಅದು ಕಾಫಿಪುಡಿಯ ಖಾಲಿ ಡಬ್ಬ. ಜೂನ್ ಬಂದ ಮೇಲೆ ಒಂದು ಸಲ ಮುಚ್ಚಳ ತೆರೆದು, ಕಾಳು ಇನ್ನೂ ನೀಲಿಯೇ ಎಂದು ನೋಡಿ ಮುಚ್ಚಿಡುತ್ತೇನೆ.